ನೀರುಗಂಟಿಯ ವೈಫೈ

ಲ್ಯಾಪ್‌ಟಾಪಿಗೆ ನಿಂಬೆಹಣ್ಣು ನಿವಾಳಿಸಿದ್ದು ಪಟ್ಟಂದೂರು ಅಗ್ರಹಾರದಲ್ಲಿ ಅದೇ ಮೊದಲಿರಬೇಕು. ಚಿಕ್ಕಮುನಿಯಮ್ಮ ನಡುಮನೆಯಲ್ಲಿ ನಿಂತು, ಹೋಗೋರ ಕಣ್ಣು ಬರೋರ ಕಣ್ಣು ಎಂದು ಗೊಣಗುತ್ತಾ, ಸೊಸೆಯ ತೊಡೆಯ ಮೇಲಿದ್ದ ಕರಿ ಪೆಟ್ಟಿಗೆಗೆ ಮೂರು ಸುತ್ತು ಹಣ್ಣು ಇಳಿದೆಗೆದು, ಬೀದಿಗೆ ಎಸೆದು, ಹಿಂದಿರುಗಿ ನೋಡದೆ ಒಳಗೆ ಬಂದಳು.

“ಈಗ ನೋಡಮ್ಮಿ, ಬಂತಾ?”

ವನಜಾ ಪಾಸ್‌ವರ್ಡ್ ಒತ್ತಿದಳು. ಪರದೆಯ ಮೂಲೆಯಲ್ಲಿ ಚಕ್ರ ತಿರುಗಿತು, ತಿರುಗಿತು, ಕಡೆಗೆ ಕನೆಕ್ಟ್ ಆಗಲಿಲ್ಲ ಎಂದು ಹೇಳಿ ಸುಮ್ಮನಾಯಿತು.

“ಇಲ್ಲ ಅತ್ತೆ.”

“ಅಂಗಾದ್ರೆ ದೃಷ್ಟಿ ಅಲ್ಲ ಬಿಡು. ನಿನ್ ಕಂಪ್ನಿಯೋರು ಕೆಟ್ಟೋಗಿರೋದ್ನ ಕೊಟ್ಟವ್ರೆ,” ಎಂದು ಚಿಕ್ಕಮುನಿಯಮ್ಮ ತೀರ್ಪು ಕೊಟ್ಟು, ಮುದ್ದೆಗೆ ಎಸರಿಡಲು ಒಳಗೆ ಹೋದಳು.

ಕೆಟ್ಟಿದ್ದರೆ ಒಳ್ಳೆಯದಿತ್ತು. ಕೆಟ್ಟದ್ದನ್ನು ರಿಪೇರಿಗೆ ಕೊಡಬಹುದು. ಈ ಲ್ಯಾಪ್‌ಟಾಪ್ ಬೆಳಿಗ್ಗೆ ಒಳ್ಳೆಯ ಸೊಸೆಯ ಹಾಗೆ ಹೇಳಿದ್ದೆಲ್ಲ ಕೇಳುತ್ತಿತ್ತು. ಸಂಜೆಯಾದರೆ ಸಾಕು, ಅದೇ ಮನೆ, ಅದೇ ವೈಫೈ, ಅದೇ ಪಾಸ್‌ವರ್ಡ್, ಆದರೂ ಯಾರು ನೀನು ಎನ್ನುವಂತೆ ಮುಖ ತಿರುಗಿಸುತ್ತಿತ್ತು.

ವನಜಾ ಆನೇಕಲ್ ಕಡೆಯ ಹುಡುಗಿ, ಬಿ.ಎಸ್ಸಿ. ಓದಿದವಳು. ಮದುವೆಯಾಗಿ ಬಂದಾಗಿನಿಂದ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಲೇ ಇದ್ದಳು. ಬಾಡಿಗೆ ಬರುವ ಮನೆಯ ಸೊಸೆ ಬ್ಯಾಗು ಹಾಕಿಕೊಂಡು ಬಸ್ಸಿಗೆ ನಿಂತರೆ ಊರಿನವರು ಏನೆಂದಾರು ಎಂದು ಅತ್ತೆ ಅಡ್ಡಹಾಕಿದ್ದಳು. ಹಾಗಾದರೆ ಮನೆಯಲ್ಲೇ ಕೂತು ಮಾಡುವ ಕೆಲಸ ಹುಡುಕುತ್ತೇನೆ ಎಂದು ವನಜಾ ಹಟ ಹಿಡಿದು ಹುಡುಕಿದಳು. ಎಲ್ಲೋ ಹೊರದೇಶದ ಡಾಕ್ಟರುಗಳು ರೋಗಿಗಳ ವಿಚಾರ ಮಾತಾಡಿ ಕಳಿಸುತ್ತಾರೆ. ಅದನ್ನು ಕಿವಿಗೆ ಹಾಕಿಕೊಂಡು ಕೇಳಿ, ಟೈಪು ಮಾಡಿ, ರಾತ್ರಿ ಊಟದ ಹೊತ್ತಿಗಿಂತ ಮುಂಚೆ ವಾಪಸ್ ಕಳಿಸಬೇಕು. ಕಡತ ಬರುವುದೇ ಸಂಜೆ. ಲ್ಯಾಪ್‌ಟಾಪನ್ನು ಕಂಪನಿಯೇ ಕೊಟ್ಟಿತ್ತು. ರೋಗಿಗಳ ಗುಟ್ಟು ಹೊರಗೆ ಹೋಗಬಾರದೆಂದು ಮನೆಯ ಪಾಸ್‌ವರ್ಡ್ ಇರುವ ವೈಫೈ ಬಿಟ್ಟು ಬೇರೆ ಯಾವುದರಲ್ಲೂ ಅದು ಕೆಲಸ ಮಾಡದಂತೆ ಕಟ್ಟಿಹಾಕಿತ್ತು.

ಒಂದು ತಿಂಗಳು ಪರೀಕ್ಷೆ. ಅವಳ ಗಂಡ ಮನು ಟೆಕ್ ಪಾರ್ಕಿಗೆ ಕ್ಯಾಬ್ ಓಡಿಸುತ್ತಿದ್ದ. ಒಳ್ಳೆಯವನೇ, ಆದರೆ ಮನೆಯಲ್ಲಿ ಗಲಾಟೆಯೆಂದರೆ ಆಗದು.

“ನೋಡು ವನಜಾ, ಒಂದ್ ತಿಂಗ್ಳು ಮಾಡು. ಅವ್ರು ತಗೊಂಡ್ರೆ ಯಾರೂ ಮಾತಾಡಲ್ಲ, ಅಮ್ಮನ್ಗೆ ನಾನು ಹೇಳ್ತೀನಿ. ಅವ್ರೇ ಬೇಡ ಅಂದ್ಬಿಟ್ರೆ ಮತ್ತೆ ಕೆಲ್ಸದ ಮಾತು ಎತ್ತಬಾರ್ದು. ಆಯ್ತಾ?”

“ಆಯ್ತು,” ಎಂದಿದ್ದಳು ವನಜಾ. ಆಗ ವೈಫೈ ಎಂಬುದು ಹೀಗೆ ಹೊತ್ತು ನೋಡಿ ಮುನಿಸಿಕೊಳ್ಳುತ್ತದೆಂದು ಅವಳಿಗೇನು ಗೊತ್ತು.

ವೈಫೈ ಹಾಕಿಸಿದ್ದು ಮಾವ ಚಿಕ್ಕಬೈರಪ್ಪ. ಕೇಬಲ್ಲಿನ ಮರೆಪ್ಪ ಬಂದು ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ ಡಬ್ಬ ಕೂರಿಸಿದ ದಿನ ವನಜಾ ಕಂಪನಿಯ ತರಬೇತಿಗೆ ಹೋಗಿದ್ದಳು, ಮನು ಡ್ಯೂಟಿಯಲ್ಲಿದ್ದ. ಮನೆಯಲ್ಲಿದ್ದವರು ಮುದುಕ ಮುದುಕಿ ಇಬ್ಬರೇ. ಚಿಕ್ಕಬೈರಪ್ಪ ಒಂದು ಕಾಲಕ್ಕೆ ಊರ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ, ಗದ್ದೆ ಗದ್ದೆಗೂ ಸರದಿಯ ಮೇಲೆ ನೀರು ಹಾಯಿಸುವ ಕೆಲಸ ಅವರ ಮನೆಗೆ ತಲೆತಲಾಂತರದಿಂದ ಬಂದದ್ದು. ಈಗ ಗದ್ದೆಯಿದ್ದ ಕಡೆ ಗಾಜಿನ ಕಟ್ಟಡಗಳಿವೆ. ಹಿತ್ತಲಲ್ಲಿ ಕಟ್ಟಿಸಿದ ಸಾಲು ರೂಮುಗಳಿಗೆ ಬೋರಿನ ನೀರು ಬಿಡುವುದೊಂದೇ ಅವನಿಗೆ ಉಳಿದ ಅಧಿಕಾರ. ಅದನ್ನೂ ಹಳೆಯ ಪದ್ಧತಿಯಲ್ಲೇ ನಡೆಸುತ್ತಿದ್ದ. ಸಾಲಿನ ಕಟ್ಟಕಡೆಯ ರೂಮಿನ ಡ್ರಮ್ಮು ಮೊದಲು ತುಂಬಬೇಕು, ತನ್ನ ಮನೆಯ ತೊಟ್ಟಿಗೆ ನೀರು ಕೊನೆಗೆ. ಅತ್ತೆ ಸೊಸೆ ಇಬ್ಬರೂ ಪಾತ್ರೆ ಮುಂದಿಟ್ಟುಕೊಂಡು ಕಾಯುತ್ತಿದ್ದರೂ ಅವನು ಮೀಸೆ ತೀಡುತ್ತಾ ವಾಲ್ವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ.

ಮೊದಲ ವಾರ ಎಲ್ಲವೂ ಚೆನ್ನಾಗಿತ್ತು. ಕಂಪನಿಯ ಮೇಡಂ ಫೋನು ಮಾಡಿ ಹೊಗಳಿದ್ದಳು ಕೂಡ. ಎರಡನೆಯ ವಾರದಿಂದ ಈ ಪೀಡೆ ಶುರುವಾಯಿತು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ ಆ ಕಡೆಯ ಹುಡುಗ ಬಹಳ ವಿನಯದಿಂದ, ಆಫ್ ಮಾಡಿ ಆನ್ ಮಾಡಿ ಮೇಡಂ ಎಂದ. ಮಾಡಿದಳು. ನೆಟ್‌ವರ್ಕನ್ನು ಮರೆಯಲು ಹೇಳಿ ಮತ್ತೆ ಪಾಸ್‌ವರ್ಡ್ ಹಾಕಿ ಎಂದ. ಹಾಕಿದಳು. ಕ್ಯಾಲೆಂಡರಿನ ತಾರೀಖು ಸರಿಯಿದೆಯಾ ನೋಡಿ ಎಂದ. ಅದೂ ಸರಿಯಿತ್ತು.

“ಹಾಗಾದ್ರೆ ಪ್ರಾಬ್ಲಂ ನಿಮ್ಮ ವೈಫೈ ಡಬ್ಬದ್ದು ಮೇಡಂ. ಕೇಬಲ್‌ನವರಿಗೆ ಹೇಳಿ.”

ಮರೆಪ್ಪ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಂದ. ಬೆಳಿಗ್ಗೆಯಾದ್ದರಿಂದ ಲ್ಯಾಪ್‌ಟಾಪ್ ಚಕ್ಕನೆ ಕನೆಕ್ಟ್ ಆಯಿತು.

“ಬರ್ತಾ ಐತಲ್ಲ ಮೇಡಂ!”

“ಈಗ ಬರುತ್ತೆ ಮರೆಪ್ಪ, ಸಂಜೆ ಬರಲ್ಲ.”

“ಡಬ್ಬಕ್ಕೇನ್ ಗೊತ್ತು ಸಂಜೆ ಯಾವ್ದು ಬೆಳಿಗ್ಗೆ ಯಾವ್ದು ಅಂತ? ನಿಮ್ ಲ್ಯಾಪ್‌ಟಾಪೇ ಪ್ರಾಬ್ಲಂ,” ಎಂದು ಮರೆಪ್ಪ, ಚಿಕ್ಕಮುನಿಯಮ್ಮ ಕೊಟ್ಟ ಅಕ್ಕಿರೊಟ್ಟಿ ತಿಂದು ಹೋದ. ಇನ್ನೊಮ್ಮೆ ಕರೆದಾಗಲೂ ಬೆಳಿಗ್ಗೆಯೇ ಬಂದು, ಅದನ್ನೇ ಹೇಳಿ, ಈ ಸಲ ಉಪ್ಪಿಟ್ಟು ತಿಂದು ಹೋದ.

ವನಜಾ ಲ್ಯಾಪ್‌ಟಾಪ್ ಹಿಡಿದು ಮಹಡಿಗೆ ಹೋದಳು, ಬಚ್ಚಲ ಮನೆಯ ಬಾಗಿಲಿಗೆ ಹೋದಳು, ದೇವರ ಗೂಡಿನ ಕೆಳಗೇ ಚಾಪೆ ಹಾಸಿ ಕೂತಳು. ಒಂದೊಂದು ದಿನ ಕರೆಂಟು ಹೋಗಿ ಬಂದಾಗ ತಾನಾಗಿ ಕನೆಕ್ಟ್ ಆಗುತ್ತಿತ್ತು. ಸರಿ, ಕರೆಂಟು ತೆಗೆದು ಹಾಕುವುದೇ ಮದ್ದು ಎಂದು ಮರುದಿನ ಮೇನ್ ಸ್ವಿಚ್ಚು ತೆಗೆದು ಹಾಕಿದರೆ ಆಗುತ್ತಿರಲಿಲ್ಲ. ಭಾನುವಾರಗಳಂದು ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ.

“ಭಾನುವಾರ ಅದಕ್ಕೂ ರಜಾನಾ?” ಎಂದು ಮನು ನಕ್ಕ.

“ನಗ್ಬೇಡಿ. ನಿನ್ನೆ ಮೇಡಂ ಏನಂದ್ರು ಗೊತ್ತಾ? ಇಂಟರ್ನೆಟ್ ಇಲ್ದಿರೋ ಊರಲ್ಲಿದೀರಾ ಅಂದ್ರು. ಹಿಂದ್ಗಡೆ ಗೋಡೆ ಆಚೆಗೆ ಇಡೀ ಪ್ರಪಂಚದ ಕಂಪ್ಯೂಟರ್ ಕಂಪನಿ ಇಟ್ಕೊಂಡು, ಇಂಟರ್ನೆಟ್ ಇಲ್ಲ ಅಂತ ನಾನು ಹೆಂಗ್ ಹೇಳ್ಲಿ?”

ಮನು ನಗು ನಿಲ್ಲಿಸಿದ. ಅವಳ ಕಣ್ಣಲ್ಲಿ ನೀರಿತ್ತು.

ದಿನಗಳು ಹೋದ ಹಾಗೆ ವನಜಾಗೆ ಒಂದು ವಿಷಯ ಕಾಣತೊಡಗಿತು. ಅತ್ತೆ ದೀಪ ಹಚ್ಚಲು ಗೂಡಿನ ಮುಂದೆ ಹೋಗುವ ಹೊತ್ತಿಗೇ ವೈಫೈ ಕೈಕೊಡುತ್ತಿತ್ತು. ಡಬ್ಬವೂ ಅಲ್ಲೇ, ಪ್ಲಗ್ಗೂ ಅಲ್ಲೇ. ವನಜಾಳ ಕೆಲಸದ ಮೊದಲ ವಾರ ಮುಗಿಯುವ ಹೊತ್ತಿಗೆ ಮನು ಹೊಸ ಫೋನು ತೆಗೆದುಕೊಂಡು ಹಳೆಯದನ್ನು ತಾಯಿಗೆ ಕೊಟ್ಟಿದ್ದ. ಮಾಲೂರಿಗೆ ಕೊಟ್ಟ ಮಗಳು ದೇವಕ್ಕ ಅದಕ್ಕೆ ತನ್ನ ಕೂಸಿನ ಫೋಟೋ ಕಳಿಸುತ್ತಿದ್ದಳು. ಚಿಕ್ಕಮುನಿಯಮ್ಮ ಆ ಫೋನನ್ನು ದೇವರ ಪಟದ ಹಿಂದೆ ಚಾರ್ಜಿಗೆ ಸಿಕ್ಕಿಸಿಟ್ಟು, ದೀಪ ಹಚ್ಚಿದ ಮೇಲೆ ತೆಗೆದು, ಮೊಮ್ಮಗುವನ್ನು ನೋಡಿ, ಕಣ್ಣಿಗೊತ್ತಿಕೊಂಡು ಮತ್ತೆ ಅಲ್ಲೇ ಇಡುತ್ತಿದ್ದಳು. ಅದನ್ನು ಸಿಕ್ಕಿಸುವ ನೆಪದಲ್ಲಿ ಅತ್ತೆ ವೈಫೈ ಪ್ಲಗ್ಗನ್ನು ಅಲುಗಿಸುತ್ತಾಳೆ, ಬೇಕೆಂದೇ ಅಲುಗಿಸುತ್ತಾಳೆ ಎಂದು ವನಜಾಗೆ ಅನುಮಾನ ಹುಟ್ಟಿತು. ಅನುಮಾನದ ಗುಣವೇ ಹಾಗೆ, ಒಮ್ಮೆ ಒಳಗೆ ಬಂದರೆ ಊಟಕ್ಕೂ ಪಕ್ಕದಲ್ಲೇ ಕೂರುತ್ತದೆ.

ಒಂದು ಸಂಜೆ ಊಟಕ್ಕೆ ಕೂತಾಗ ಅವಳು ತಡೆಯದೆ ಕೇಳಿಯೇಬಿಟ್ಟಳು.

“ಅತ್ತೆ, ನಾನು ಕೆಲಸ ಮಾಡೋದು ಇಷ್ಟ ಇಲ್ದಿದ್ರೆ ನೇರವಾಗಿ ಹೇಳಿ. ದೀಪ ಹಚ್ಚೋ ನೆಪದಲ್ಲಿ ವೈಫೈ ಆರಿಸ್ಬೇಡಿ.”

ಚಿಕ್ಕಮುನಿಯಮ್ಮನ ಕೈಯಲ್ಲಿದ್ದ ಮುದ್ದೆಯ ತುತ್ತು ಸೊಪ್ಪಿನ ಸಾರಿನಲ್ಲಿ ಹಾಗೇ ನಿಂತಿತು.

“ನಾನಾ?”

“ನೀವಲ್ದೆ ಇನ್ಯಾರು ಅಲ್ಲಿಗೆ ಹೋಗ್ತಾರೆ?”

“ದೇವ್ರ ಮುಂದೆ ನಿಂತ್ಕೊಂಡು ಅಂತಾ ಕೆಲ್ಸ ಮಾಡಿದ್ರೆ ನನ್ ಕೈ ಸೇದೋಗ್ಲಿ! ನಾನು ನಿಂಬೆಅಣ್ಣು ನಿವಾಳಿಸ್ದೋಳು ಕಣೆ! ಇಷ್ಟ ಇಲ್ಲ ಅಂದಿದ್ದು ದಿಟ, ಮೊಖದ್ ಮೇಲೇ ಅಂದಿದೀನಿ. ಕಳ್ತನ ನಮ್ಮಟ್ಟೀಲಿ ಇಲ್ಲ!”

“ಅಮ್ಮ, ಅವ್ಳು ಏನೋ ಟೆನ್ಶನ್‌ನಲ್ಲಿ…” ಎಂದು ಮನು ಶುರುಮಾಡಿದ.

“ನೀನ್ ಸುಮ್ನಿರೋ! ಎಂಡ್ತಿ ಪರವಾಗಿ ನಿಂತ್ಕೊಳಕ್ಕೆ ಬಾಯ್ ಬರ್ತದೆ!”

“ನಾನ್ ಯಾರ ಪರವಾಗೂ ನಿಂತಿಲ್ಲಮ್ಮ!”

“ಅದೇ ನಿಮ್ ತೊಂದ್ರೆ,” ಎಂದಳು ವನಜಾ.

ಚಿಕ್ಕಬೈರಪ್ಪ ಮಾತ್ರ ತಲೆಯೆತ್ತಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದು ಹೇಳಬೇಕೆಂದಿದ್ದವನು ಅದನ್ನೂ ನುಂಗಿಕೊಂಡು ಕೈ ತೊಳೆದು ಎದ್ದ.

ಅವತ್ತಿನಿಂದ ಚಿಕ್ಕಮುನಿಯಮ್ಮ ತನ್ನ ತಟ್ಟೆಯನ್ನು ಹಿತ್ತಲ ಜಗಲಿಗೆ ಒಯ್ದು ಒಬ್ಬಳೇ ಉಣ್ಣತೊಡಗಿದಳು. ಮಾತು ನಿಂತಿತು. ಹೇಳಬೇಕಾದದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಳು. “ಆಲು ಉಕ್ತದೆ ಅಂತ ಯೋಳು,” ಎಂದು ಬೆಕ್ಕಿಗೆ ಹೇಳಿದರೆ ವನಜಾ ಓಡಿಹೋಗಿ ಒಲೆ ಆರಿಸಬೇಕು. ವನಜಾಗೆ ತಪ್ಪು ಮಾಡಿದೆನೇನೋ ಎನಿಸುತ್ತಿತ್ತು. ಆದರೆ ಸಂಜೆ ಮತ್ತೆ ಚಕ್ರ ತಿರುಗಿ ನಿಂತಾಗ, ಇಲ್ಲ, ನಾನು ಅಂದದ್ದೇ ಸರಿ ಎನಿಸುತ್ತಿತ್ತು. ದೀಪದ ಹೊತ್ತಲ್ಲಿ ಗೂಡಿನ ಪಕ್ಕವೇ ಕಾದು ನಿಂತೂ ನೋಡಿದಳು. ಅತ್ತೆ ಪ್ಲಗ್ಗು ಮುಟ್ಟಲಿಲ್ಲ. ಡಬ್ಬದ ದೀಪಗಳು ಉರಿಯುತ್ತಲೇ ಇದ್ದವು. ಆದರೂ ಲ್ಯಾಪ್‌ಟಾಪ್ ಕನೆಕ್ಟ್ ಆಗಲಿಲ್ಲ. ಯಾರನ್ನು ಬೈಯಬೇಕೆಂದೇ ಅವಳಿಗೆ ತಿಳಿಯದಾಯಿತು.

ಪರೀಕ್ಷೆಯ ಕೊನೆಯ ದಿನ ಬಂತು. ಆ ದಿನದ ಕಡತ ದೊಡ್ಡದು. ಅದು ಹೊತ್ತಿಗೆ ಸರಿಯಾಗಿ ತಲುಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಲ್ಯಾಪ್‌ಟಾಪ್ ವಾಪಸ್ ಕಳಿಸಿ ಎಂದು ಮೇಡಂ ಸ್ಪಷ್ಟವಾಗಿ ಹೇಳಿದ್ದಳು. ಅದೃಷ್ಟಕ್ಕೆ ಕಡತ ಮಧ್ಯಾಹ್ನವೇ ಬಂದಿತ್ತು. ವನಜಾ ಊಟ ಬಿಟ್ಟು ಟೈಪು ಮಾಡಿ ಮುಗಿಸಿದಳು. ಕಳಿಸೋಣವೆಂದು ನೋಡಿದರೆ ಹೊರಗೆ ಹೊತ್ತು ಮುಳುಗುತ್ತಿತ್ತು, ನಡುವೆ ಕರೆಂಟು ಒಮ್ಮೆ ಹೋಗಿ ಬಂದಿತ್ತು, ವೈಫೈ ಎಂದಿನಂತೆ ಮುನಿಸಿಕೊಂಡಿತ್ತು. ಮರೆಪ್ಪನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ತಿರುಪತಿಗೆ ಹೋಗಿದ್ದಾನೆಂದು ಅವನ ಅಂಗಡಿಯವರು ಹೇಳಿದರು.

ತಲೆ ಕೆಟ್ಟು ಅವಳು ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದಳು. ಸಾಲಿನ ಕೊನೆಯ ರೂಮಿನ ಮುಂದೆ ರುಕ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಬಿಜಾಪುರದ ಕಡೆಯವಳು, ಟೆಕ್ ಪಾರ್ಕಿನಲ್ಲಿ ಕಸ ಗುಡಿಸಿ ಈಗಷ್ಟೇ ಬಂದಿದ್ದಳು. ಅವಳ ಮಗಳು ಸವಿತಾ ಹೊಸ್ತಿಲ ಮೇಲೆ ಕೂತು, ಫೋನಿನಲ್ಲಿ ಯಾರೋ ಮೇಷ್ಟರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವುದನ್ನು ನೋಡಿ ಬರೆದುಕೊಳ್ಳುತ್ತಿದ್ದಳು.

“ಚೆನ್ನಾಗಿ ಬರ್ತಿದೆಯಲ್ಲ ಸವಿತಾ! ಯಾವ ನೆಟ್ ಹಾಕಿಸಿದೀಯಾ?”

“ನಿಮ್ದರೀ ಅಕ್ಕಾರ.”

“ನಮ್ಮದಾ?”

“ಹೌದ್ರೀ. ಅಜ್ಜಾರು ಕೊಟ್ಟಾರಲ್ರೀ. ನಮ್ಗೊಂದು, ನಡುವಿನ ಖೋಲಿಗೊಂದು, ಮುಂದಿನ ಖೋಲಿಗೊಂದು. ಮನೀಗೊಂದೇ ಫೋನು ಅಂತ ಕಟ್ಟುನಿಟ್ಟು ಹೇಳ್ಯಾರ್ರೀ.”

“ಪಿಯುಸಿ ಪರೀಕ್ಷಾ ಐತ್ರೀ ಇಕಿದು,” ಎಂದಳು ರುಕ್ಮವ್ವ ಹಿಟ್ಟಿನ ಕೈಯಲ್ಲೇ. “ದೇವರಂಥಾ ಮನಶ್ಯಾರ್ರೀ ನಿಮ್ಮ ಮಾವಾರು.”

ವನಜಾ ಬಟ್ಟೆಗಳನ್ನು ಹಗ್ಗದ ಮೇಲೇ ಬಿಟ್ಟು ಮನೆಗೆ ಓಡಿದಳು. ದೇವರಂಥ ಮನುಷ್ಯ ಅಂಗಳದಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ.

“ಮಾವ, ರೂಮಿನವರಿಗೆಲ್ಲ ವೈಫೈ ಕೊಟ್ಟಿದೀರಾ?”

“ಊಂ ಕಣಮ್ಮ. ಕೊಡ್ದೆ? ನೀರ್ ಕೊಟ್ಟಂಗೆ ಇದೂವೆ.”

“ಮತ್ತೆ ಒಂದು ಮಾತು ಹೇಳಬಾರ್ದಾ?”

“ನೀರುಗಂಟಿ ಯಾರ್ ಗದ್ದೆಗೆ ಬಿಟ್ಟೆ ಅಂತ ಡಂಗೂರ ಸಾರ್ತಾನಾ? ಮರೆಪ್ಪ ಡಬ್ಬ ಕೂರ್ಸಿದ್ ದಿನಾನೆ ಕೇಳ್ದೆ, ಎಷ್ಟ್ ಜನ ಬೇಕಾದ್ರೂ ನುಗ್ಬೋದಾ ಇದ್ಕೆ ಅಂತ. ನುಗ್ಬೋದು ಅಂದ. ಅಂಗಾದ್ರೆ ತೂಬು ಬಿಗಿ ಕಟ್ಟು, ನಾಕು ಜನದ ಮೇಲೆ ಐದ್ನೇಯವ್ನು ಬರಬಾರ್ದು ಅಂದೆ. ಕಟ್ದ. ಆಮೇಲೆ ಆ ಮೂರು ರೂಮ್ಗೆ ಮೂರು ಕೊಟ್ಟೆ, ಕೊನೇದೊಂದು ಮನೆಗೆ ಅಂತ ಉಳಿಸ್ದೆ. ಲೆಕ್ಕ ಸರಿಯಾಗೈತೆ.”

ವನಜಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಹಗಲು ರೂಮಿನವರೆಲ್ಲ ಫೋನು ಸಮೇತ ಕೆಲಸಕ್ಕೋ ಕಾಲೇಜಿಗೋ ಹೋಗುತ್ತಾರೆ. ಸಂಜೆ ಬರುತ್ತಾರೆ. ಭಾನುವಾರ ಎಲ್ಲೂ ಹೋಗುವುದಿಲ್ಲ. ತಾನೇ ಬಿಗಿದ ತೂಬನ್ನು ಮರೆಪ್ಪ ಮರೆತೇಬಿಟ್ಟಿದ್ದಾನೆ. ಇಷ್ಟು ದಿನದ ಒಗಟಿನ ಮುಕ್ಕಾಲು ಪಾಲು ಅವಳಿಗೆ ಹೊಳೆಯಿತು. ಆದರೆ ಮನೆಗೆಂದು ಉಳಿಸಿದ ಆ ಒಂದು ಎಲ್ಲಿ ಹೋಯಿತು?

“ನಿಮ್ ಫೋನಾ ರೀ?” ಎಂದು ಆಗಷ್ಟೇ ಡ್ಯೂಟಿ ಮುಗಿಸಿ ಅಂಗಳಕ್ಕೆ ಬಂದ ಗಂಡನತ್ತ ತಿರುಗಿದಳು.

“ನಾನು ಸಿಮ್ಮಿಂದೇ ನೆಟ್ ನೋಡೋದು. ವೈಫೈ ಆಫ್ ಆಗಿದೆ, ನೋಡು ಬೇಕಾದ್ರೆ,” ಎಂದು ಮನು ಫೋನನ್ನು ಅವಳ ಕೈಗೇ ಕೊಟ್ಟ. ನಿಜವಾಗಿಯೂ ಆಫ್ ಆಗಿತ್ತು.

“ಅಂಗಾದ್ರೆ ಯಾವ್ದೋ ರೂಮ್ನೋರು ಎರಡ್ ಫೋನ್ ಆಕವ್ರೆ,” ಎಂದ ಚಿಕ್ಕಬೈರಪ್ಪ. “ನಾಳೆ ಇಚಾರಿಸ್ತೀನಿ.”

“ನಾಳೆ ಆಗಲ್ಲ ಮಾವ! ಇನ್ನು ಸ್ವಲ್ಪ ಹೊತ್ತಲ್ಲಿ ಕಳಿಸ್ಲಿಲ್ಲ ಅಂದ್ರೆ ನನ್ ಕೆಲಸ ಹೋಯ್ತು!”

ಆಗ ಹಿತ್ತಲ ಬಾಗಿಲಿಂದ ಚಿಕ್ಕಮುನಿಯಮ್ಮ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೊಸೆಯ ಕಡೆ ನೋಡದೆ ನೇರವಾಗಿ ಗಂಡನ ಮುಂದೆ ಹೋಗಿ ನಿಂತಳು.

“ಮನು ಎದೆಗೂಸಾಗಿದ್ದ ವರ್ಸ ಗ್ಯಾಪ್ಕ ಐತಾ ನಿಂಗೆ?”

“ಈಗ್ಯಾಕೆ ಅದು?”

“ಕೆರೆ ತಳ ಕಂಡಿತ್ತು. ಕೊನೆ ಗದ್ದೆಯೋರ್ಗೆ ಮೊದ್ಲು, ನೀರುಗಂಟಿಗೆ ಕೊನೆಗೆ ಅಂದ್ಕೊಂಡು ಊರಿಗೆಲ್ಲ ಬಿಟ್ಟೆ. ನಮ್ ಪೈರು ತೆನೆ ಕಟ್ಟೋ ಹೊತ್ನಾಗೆ ಒಣಗೋಯ್ತು. ಧರ್ಮರಾಯ ಅಂದ್ರು ಊರ್ನೋರೆಲ್ಲ. ಆ ಒಗಳಿಕೇನ ಬೇಯಿಸ್ಕೊಂಡು ತಿಂದ್ವಾ ನಾವು? ನಾನು ಆ ಗದ್ದೆ ಬದಿನ ಮೇಲೆ ಕುಂತು ಅತ್ತಿದೀನಿ. ಒಬ್ರೂ ಬಂದು ಕೇಳ್ಲಿಲ್ಲ.” ಅವಳು ವನಜಾಳ ಕಡೆ ಕೈ ತೋರಿಸಿದಳು. “ಈಗ ಈ ಮಗೀನ ಪೈರೂ ಒಣಗಿಸ್ತೀಯಾ?”

ಚಿಕ್ಕಬೈರಪ್ಪನ ಕೈಯಲ್ಲಿದ್ದ ಎಲೆ ಮಡಿಸದೆ ಹಾಗೇ ಉಳಿಯಿತು. ವನಜಾ ಅತ್ತೆಯನ್ನೇ ನೋಡುತ್ತಿದ್ದಳು. ಈ ಹೆಂಗಸಿನ ಮೇಲೆ ಕಳ್ಳತನ ಹೊರಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

“ಅತ್ತೆ, ನಾನು ಅವತ್ತು…”

“ಅದು ಆಮೇಲೆ. ನೀನು ಓಗಿ ಆ ಡಬ್ಬದ ಮುಂದೆ ಕುಂತ್ಕೊ. ಯಾವನವ್ನು ಮನೆ ಪಾಲು ಕದಿಯೋನು ನಾನ್ ನೋಡ್ತೀನಿ!” ಎಂದು ಸೆರಗು ಬಿಗಿದು ಚಿಕ್ಕಮುನಿಯಮ್ಮ ಸಾಲು ರೂಮುಗಳ ಕಡೆ ನಡೆದಳು. ಮನು ಅಮ್ಮಾ ಅಮ್ಮಾ ಎನ್ನುತ್ತಾ ಹಿಂದೆ ಓಡಿದ. ಮುದುಕನೂ ಎದ್ದು, ಪಂಚೆ ಸರಿಮಾಡಿಕೊಂಡು ಹೊರಟ.

ವನಜಾ ದೇವರ ಗೂಡಿನ ಕೆಳಗೆ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಹಿತ್ತಲಿನಿಂದ ಅತ್ತೆಯ ದನಿ ಕೇಳಿಸುತ್ತಿತ್ತು. “ಎಲ್ಲಾರೂ ಈಚೆ ಬರ್ರಪ್ಪ! ಯಾರ್ ಅತ್ರ ಎರಡ್ ಫೋನ್ ಐತೆ?” ರುಕ್ಮವ್ವ ಏನೋ ಎದುರು ಹೇಳುತ್ತಿದ್ದಳು. ಚಕ್ರ ತಿರುಗಿತು, ನಿಂತಿತು. ಮತ್ತೆ ಪಾಸ್‌ವರ್ಡ್ ಹಾಕಿದಳು. ತಿರುಗಿತು, ನಿಂತಿತು.

ಟಿಣ್ ಎಂದು ತಲೆಯ ಮೇಲೆ ಸದ್ದಾಯಿತು.

ವನಜಾ ತಲೆಯೆತ್ತಿದಳು. ದೇವರ ಪಟದ ಹಿಂದಿನಿಂದ ಬೆಳಕು ಬರುತ್ತಿತ್ತು. ಎದ್ದು ನಿಂತು ಕೈ ಹಾಕಿ ತೆಗೆದಳು. ಅಂಚಿನಲ್ಲಿ ಕುಂಕುಮ ಮೆತ್ತಿದ ಮನುವಿನ ಹಳೆಯ ಫೋನು. ದೇವಕ್ಕನ ಕೂಸು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿರುವ ಹೊಸ ಫೋಟೋ ಬಂದಿತ್ತು. ಅದರ ಮೇಲೆ, ಮೂಲೆಯಲ್ಲಿ, ವೈಫೈನ ಪುಟ್ಟ ಗುರುತು ತುಂಬಿಕೊಂಡು ಕೂತಿತ್ತು. ಫೋನು ಕೊಡುವಾಗ ಮನುವೇ ಪಾಸ್‌ವರ್ಡ್ ಹಾಕಿ ಮರೆತಿದ್ದನೋ ಏನೋ. ಮನೆಗೆಂದು ಉಳಿಸಿದ ಆ ಒಂದು ಪಾಲು ಇಷ್ಟು ದಿನವೂ ಇಲ್ಲೇ, ಅತ್ತೆಯ ಗೂಡಿನಲ್ಲೇ ಇತ್ತು.

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಹಿತ್ತಲಲ್ಲಿ ಚಿಕ್ಕಮುನಿಯಮ್ಮ ಅವಳಿಗಾಗಿ ಗಂಟಲು ಹರಿದುಕೊಳ್ಳುತ್ತಿದ್ದಳು.

ವನಜಾ ಫೋನಿನ ವೈಫೈ ಆರಿಸಿ, ಕೂಸಿನ ಫೋಟೋ ನಿಲ್ಲದಿರಲೆಂದು ಸಿಮ್ಮಿನ ನೆಟ್ ಹಾಕಿದಳು. ಫೋನನ್ನು ಮೊದಲಿದ್ದ ಹಾಗೆಯೇ ಪಟದ ಹಿಂದೆ ಇಟ್ಟಳು. ಪಾಸ್‌ವರ್ಡ್ ಒತ್ತಿದಳು. ಚಕ್ರ ಅರ್ಧ ಸುತ್ತು ತಿರುಗುವಷ್ಟರಲ್ಲಿ ಕನೆಕ್ಟ್ ಆಯಿತು. ಕಡತ ಹೋಗತೊಡಗಿತು, ಪಟ್ಟಿ ನಿಧಾನಕ್ಕೆ ತುಂಬಿತು, ತಲುಪಿತು ಎಂದು ಆ ಕಡೆಯಿಂದ ಉತ್ತರ ಬಂತು. ಸೋಮವಾರದಿಂದ ಖಾಯಂ ಎಂದು ಮೇಡಂ ಬರೆದಿದ್ದಳು.

ಅವಳು ಹಿತ್ತಲ ಬಾಗಿಲಿಗೆ ಓಡಿದಳು. “ಅತ್ತೆ, ಬಂತು! ಹೋಯ್ತು ಅತ್ತೆ, ತಲುಪಿತು!”

ಚಿಕ್ಕಮುನಿಯಮ್ಮ ಸಾಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವಳು ಗಂಡನ ಕಡೆ ತಿರುಗಿದಳು. “ನೋಡ್ದಾ? ನಾನು ಗದರಿಸ್ತಿದ್ದಂಗೇ ಯಾವನೋ ಮೆಲ್ಲುಕೆ ಮುಚ್ಕೊಂಡ. ಬಾಯ್ ಮಾಡ್ದಿದ್ರೆ ನಮ್ ಪಾಲು ನಮಗೆ ಸಿಕ್ಕಲ್ಲ.”

“ಇಲ್ರೀ ಅಜ್ಜೀ, ಇಲ್ಲಿ ಯಾರೂ ಇನ್ನೂ…” ಎಂದು ಸವಿತಾ ತನ್ನ ಫೋನು ನೋಡುತ್ತಾ ಬಾಯಿ ತೆರೆದಳು. ವನಜಾ ಅವಳನ್ನು ನೋಡಿ ಸಣ್ಣಗೆ ತಲೆಯಾಡಿಸಿದಳು. ಹುಡುಗಿ ಅರ್ಥವಾಗದಿದ್ದರೂ ಬಾಯಿ ಮುಚ್ಚಿದಳು.

ಅವತ್ತು ಊಟಕ್ಕೆ ಚಿಕ್ಕಮುನಿಯಮ್ಮ ಜಗಲಿಗೆ ಹೋಗಲಿಲ್ಲ. ತನ್ನ ತಟ್ಟೆಯನ್ನು ತಂದು ವನಜಾಳ ತಟ್ಟೆಯ ಪಕ್ಕ ಇಟ್ಟು, ಎರಡಕ್ಕೂ ಮುದ್ದೆ ಹಾಕಿದಳು.

“ಅತ್ತೆ, ಅವತ್ತು ನಿಮ್ಮನ್ನ ಅಂದಿದ್ದು ತಪ್ಪಾಯ್ತು.”

“ಆಗ್ಲಿ ಬಿಡು. ಅಲ್ಲ ಕಣಮ್ಮಿ, ಕೊನೆಗೂ ಅದು ಯಾರ್ದು? ನಮ್ ಪಾಲು ಇಡ್ಕೊಂಡು ಕುಂತಿದ್ದೋರು?”

ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಪಟದ ಹಿಂದೆ ಫೋನು ಸುಮ್ಮನಿತ್ತು.

“ಗೊತ್ತಾಗ್ಲೇ ಇಲ್ಲ ಅತ್ತೆ,” ಎಂದು ವನಜಾ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.